ಬಂಕು ಹೋದರೂ ಟ್ಯಾಂಕು ಉಳಿದೀತು!

ಪೆಟ್ರೋಲ್ ಬಂಕು ಮುಚ್ಚಿತೆಂದರೆ ಪಂಪು ಹೋಗುತ್ತದೆ, ಛಾವಣಿ ಹೋಗುತ್ತದೆ, ಬಣ್ಣದ ಫಲಕವೂ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಅಲ್ಲೊಂದು ಅಂಗಡಿಸಾಲೋ ಮನೆಯೋ ಏಳುತ್ತದೆ; ಹಿತ್ತಲಲ್ಲೊಂದು ಬೋರು ಕೊರೆಸುತ್ತಾರೆ. ಆದರೆ ನೆಲದೊಳಗೆ ಹೂತಿದ್ದ ಉಕ್ಕಿನ ಟ್ಯಾಂಕು ಎಷ್ಟು ವರ್ಷ ತುಕ್ಕು ಹಿಡಿಯಿತು, ಎಷ್ಟು ಸೋರಿತು ಎಂದು ಕೇಳುವವರು ಯಾರು?

ಈ ಪ್ರಶ್ನೆ ಕಾಲ್ಪನಿಕವಲ್ಲ. ಅಮೆರಿಕದಲ್ಲಿ 1984ರಲ್ಲಿ ಭೂಗತ ಟ್ಯಾಂಕುಗಳಿಗೆಂದೇ ಕಾನೂನು ಬಂತು. ಹುಡುಕುತ್ತ ಹೋದಂತೆ ಪತ್ತೆಯಾದ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು! ಚೆನ್ನೈನ ತಂಡೈಯಾರ್‌ಪೇಟೆಯಲ್ಲಿ 2013ರಲ್ಲಿ ಮನೆಗಳ ಬೋರಿನ ನೀರಿಗೆ ಎಣ್ಣೆಯ ವಾಸನೆ ಬಂದು ಸುದ್ದಿಯಾಯಿತು. ಅಲ್ಲಿ ಸೋರಿದ್ದು ಟ್ಯಾಂಕಲ್ಲ, ಪೈಪ್‌ಲೈನು. ಕುಡಿಯುವವರಿಗೆ ಅದರಿಂದೇನು ವ್ಯತ್ಯಾಸ?

ಪೆಟ್ರೋಲು ನೀರಿಗಿಂತ ಹಗುರ. ಮಣ್ಣಿನಲ್ಲಿ ಇಳಿಯುತ್ತ ಹೋಗಿ ಅಂತರ್ಜಲದ ಮೇಲೆ ತೇಲುತ್ತದೆ. ಅದರೊಳಗಿನ ಬೆಂಜೀನ್ ಮಾತ್ರ ನೀರಿನಲ್ಲಿ ಕರಗಿ ನೀರಿನ ಜೊತೆಗೇ ಹರಿಯುತ್ತದೆ. ಇದು ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೆಕ್ಕ ಹಾಕಿ ನೋಡಿ: ತಾರಸಿಯ ಮೇಲಿನ 1,000 ಲೀಟರಿನ ತೊಟ್ಟಿಗೆ ಹೆಚ್ಚುಕಡಿಮೆ ಕಾಲು ಹನಿ. ಇಷ್ಟಕ್ಕೆ ಬೆಂಜೀನಿನ ವಾಸನೆ ಮೂಗಿಗೆ ತಿಳಿಯದು.

ನಮ್ಮ ಬಾಗಲಕೋಟೆ ಸೀಮೆಯಲ್ಲಿ ತನಿಖೆ ಕಷ್ಟವಾಗುವುದು ಕಲ್ಲಿನಿಂದ. ಇಳಕಲ್ಲಿನ ಕೆಂಪು ಗ್ರಾನೈಟನ್ನು ಎಲ್ಲರೂ ಬಲ್ಲರು. ಇಳಕಲ್, ಹುನಗುಂದದ ಕಡೆ ಮೇಲೆ ಒಂದಿಷ್ಟು ಗರಸು, ಕೆಳಗೆ ಗಟ್ಟಿ ಬಂಡೆ. ನೀರೇನಿದ್ದರೂ ಬಂಡೆಯ ಬಿರುಕಿನಲ್ಲಿ. ಬಾದಾಮಿಯದು ಮರಳುಗಲ್ಲು. ಗುಹೆಗಳನ್ನು ನೋಡಲು ಹೋದಾಗ ಬೆಟ್ಟವನ್ನು ಮೇಲಿಂದ ಕೆಳಗೆ ಸೀಳಿದಂತಿರುವ ಸಂದುಗಳನ್ನು ಗಮನಿಸಿದ್ದೀರಾ? ಅಂಥ ಸಂದುಗಳೇ ನೀರಿನ ದಾರಿ. ಬಾಗಲಕೋಟೆಯ ಸುತ್ತ ಸುಣ್ಣಗಲ್ಲು ಇದೆ. ಅದನ್ನು ನೀರೇ ಕರಗಿಸಿ ಕೊರೆದುಕೊಂಡಿರುತ್ತದೆ. ಇನ್ನು ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುವುದು ಗೊತ್ತೇ ಇದೆ. ಹೀಗಾಗಿ ಬಂಕಿನ ಪಕ್ಕದ ಬೋರು ಶುದ್ಧವಿದ್ದು, ಬಿರುಕಿನ ಸಾಲಿನಲ್ಲಿರುವ ದೂರದ ಬೋರು ಕೆಡಬಹುದು.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಮೊದಲು ಹಳೆಯ ಟ್ಯಾಂಕು, ಪೈಪುಗಳು ಎಲ್ಲಿದ್ದವೆಂದು ಗುರುತಿಸಿ ಅಲ್ಲಿನ ಮಣ್ಣನ್ನು ತೆಗೆದು ಪರೀಕ್ಷಿಸಬೇಕು. ಆಮೇಲೆ ವೀಕ್ಷಣಾ ಬಾವಿಗಳು, ಕಡೇಪಕ್ಷ ಮೂರು. ಮೂರೇ ಯಾಕೆ? ಗಣಿತದ ಮಾಸ್ತರು ಕಲಿಸಿದ ತ್ರಿಕೋನ ಇಲ್ಲಿ ಕೆಲಸಕ್ಕೆ ಬರುತ್ತದೆ! ಮೂರು ಮೂಲೆಗಳಲ್ಲಿ ನೀರಿನ ಮಟ್ಟ ಅಳೆದರೆ ಇಳಿಜಾರು ಯಾವ ದಿಕ್ಕಿಗೆಂದು ತಿಳಿಯುತ್ತದೆ. ಬಿರುಕುಗಲ್ಲಿನಲ್ಲಿ ಮೂರು ಸಾಲದು. ನೀರು ಇಳಿಜಾರನ್ನು ಬಿಟ್ಟು ಬಿರುಕಿನ ಜಾಡು ಹಿಡಿದೀತು. ಮನೆಯ ಬೋರು ಇದಕ್ಕೆ ಪೂರ್ತಿ ಒಗ್ಗದು. ಅದು ಆಳದ ನೀರನ್ನು ಎಳೆಯುತ್ತದೆ, ತೇಲುವ ಎಣ್ಣೆ ಮೇಲೆಯೇ ಉಳಿಯುತ್ತದೆ. ವೀಕ್ಷಣಾ ಬಾವಿಯ ಕೊಳವೆಗೆ ನೀರಿನ ಮಟ್ಟ ಏರಿಳಿಯುವ ಜಾಗದಲ್ಲೇ ಸೀಳುಗಳಿರಬೇಕು.

ಮಾದರಿ ತೆಗೆಯುವುದೂ ಒಂದು ಕಲೆಯೇ. ತಾರಸಿ ತೊಟ್ಟಿಯ ನೀರು ನಡೆಯದು. ಬೆಂಜೀನ್ ಅಷ್ಟರಲ್ಲಿ ಗಾಳಿಗೆ ಹಾರಿರುತ್ತದೆ. ಸಣ್ಣ ಗಾಜಿನ ಸೀಸೆಯನ್ನು ಗುಳ್ಳೆಯೂ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಬೇಕು. ಉಪ್ಪು, ನೈಟ್ರೇಟ್, ಫ್ಲೋರೈಡ್ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಬೆಂಜೀನ್ ನೋಡಿರೆಂದು ಹೆಸರಿಟ್ಟು ಕೇಳಬೇಕು. ದೇಶದಲ್ಲಿ ಸೀಸರಹಿತ ಪೆಟ್ರೋಲು ಕಡ್ಡಾಯವಾದದ್ದು 2000ದ ಫೆಬ್ರುವರಿಯಲ್ಲಿ. ಅದಕ್ಕೂ ಹಳೆಯ ಬಂಕಾದರೆ ಮಣ್ಣಿನಲ್ಲಿ ಸೀಸವನ್ನೂ ಹುಡುಕುವುದು ಒಳ್ಳೆಯದು.

ಒಮ್ಮೆ ನೋಡಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಆಲಮಟ್ಟಿ ಹಿನ್ನೀರು ಮಳೆಗಾಲದಲ್ಲಿ ಬಾಗಲಕೋಟೆಯವರೆಗೆ ತುಂಬಿ ಬೇಸಿಗೆಯಲ್ಲಿ ಇಳಿಯುತ್ತದೆ. ದಂಡೆಯ ಬಳಿಯ ಅಂತರ್ಜಲವೂ ಅದರೊಡನೆ ಏರಿಳಿಯುತ್ತದೆ. ಮಣ್ಣಿಗಂಟಿದ ಎಣ್ಣೆ ಪ್ರತಿ ಏರಿಳಿತಕ್ಕೂ ಮತ್ತಷ್ಟು ಮೆತ್ತಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಏನೂ ಸಿಗದ ಬಾವಿಯಲ್ಲಿ ಸೆಪ್ಟೆಂಬರಿನಲ್ಲಿ ಸಿಗಬಹುದು. ಆದ್ದರಿಂದ ಮಳೆಗೆ ಮುಂಚೆ, ಮಳೆಯ ನಂತರ, ವರ್ಷಗಟ್ಟಲೆ ಅಳೆಯಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಬೆಂಜೀನನ್ನು ತಿಂದು ಮುಗಿಸುವುದೂ ಉಂಟು; ಅದು ನಿಜಕ್ಕೂ ನಡೆಯುತ್ತಿದೆಯೇ ಎಂಬುದನ್ನೂ ಈ ಅಳತೆಗಳೇ ಹೇಳಬೇಕು.

ಹೊಸ ಬಂಕು ಶಾಲೆ, ಆಸ್ಪತ್ರೆಗಳಿಂದ 50 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಸೂಚಿಸಿತು. ಅದು ಹೊಸದಕ್ಕಾಯಿತು. ಹಳೆಯದು ಎಲ್ಲಿತ್ತು, ಯಾವಾಗ ಮುಚ್ಚಿತು ಎಂಬುದನ್ನು ಓಣಿಯ ಹಿರಿಯರು ಹೇಳಿಯಾರು. ಮಕ್ಕಳು ಕೇಳಿ ನಕ್ಷೆಯಲ್ಲಿ ಗುರುತು ಹಾಕಬಹುದು. ಬೋರಿನ ನೀರಿಗೆ ಎಣ್ಣೆಯ ವಾಸನೆ ಬಂದರೆ ಕುಡಿಯುವುದನ್ನು ನಿಲ್ಲಿಸಿ. ಕುದಿಸುವುದೂ ಬೇಡ, ಆವಿ ಅಡುಗೆಮನೆಯನ್ನೇ ತುಂಬುತ್ತದೆ. ತೆರೆದ ಬಾವಿಯಾದರೆ ಹತ್ತಿರ ಕಡ್ಡಿ ಗೀರಬೇಡಿ, ಯಾರೂ ಒಳಗಿಳಿಯಬೇಡಿ. ದಿನಾಂಕ ಬರೆದು ನಗರಸಭೆ, ಪುರಸಭೆ ಅಥವಾ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.