ಸಕ್ಕರೆ ಕಾಯಿಲೆ ಇದೆಯೇ? ಒಸಡನ್ನೂ ತೋರಿಸಿ



ಸಕ್ಕರೆ ಕಾಯಿಲೆ ಇರುವವರು ಕಣ್ಣು, ಕಿಡ್ನಿ, ಪಾದಗಳ ಪರೀಕ್ಷೆ ಮಾಡಿಸುತ್ತಾರೆ. ಬಾಯಿಯ ನೆನಪಾಗುವುದು ಹಲ್ಲು ಅಲ್ಲಾಡತೊಡಗಿದ ಮೇಲೆ. ಒಸಡಿನ ರೋಗ ಮಧುಮೇಹದ ಆರನೆಯ ತೊಡಕು ಎಂದು ದಂತತಜ್ಞ ಹೆರಾಲ್ಡ್ ಲೋ 1993ರಲ್ಲೇ ಬರೆದಿದ್ದರು.

ರಕ್ತದಲ್ಲಿ ಸಕ್ಕರೆ ಏರಿದರೆ ಸೋಂಕನ್ನು ತಡೆಯುವ ಶಕ್ತಿ ಕುಗ್ಗುತ್ತದೆ, ಬಾಯಿ ಒಣಗುತ್ತದೆ. ಒಸಡು ಊದಿ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಆದ್ದರಿಂದ ನಾವು ಸುಮ್ಮನಿರುತ್ತೇವೆ. ಅಷ್ಟರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆ ಸವೆಯುತ್ತಿರುತ್ತದೆ. ಜೊತೆಗೆ, ಒಸಡಿನ ಉರಿಯೂತ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗಿ ಸಕ್ಕರೆಯನ್ನು ಮತ್ತೆ ಏರಿಸುತ್ತದೆ.

ಅಗಿಯಲಾಗದವರು ಜೋಳದ ರೊಟ್ಟಿ, ಕೋಸಂಬರಿ ಬಿಟ್ಟು ಮೆತ್ತನೆಯ ಅನ್ನ, ಬ್ರೆಡ್ಡಿಗೆ ಒಗ್ಗಿಕೊಳ್ಳುತ್ತಾರೆ. ಪಥ್ಯ ಅಲ್ಲಿಗೆ ಕೆಟ್ಟಿತು. ಬಾಯಿ ವಾಸನೆಯ ಸಂಕೋಚಕ್ಕೆ ನಾಲ್ಕು ಜನರ ನಡುವೆ ನಕ್ಕು ಮಾತಾಡುವುದೂ ಕಡಿಮೆಯಾಗುತ್ತದೆ.

ಸಮಾಧಾನದ ಮಾತೂ ಇದೆ. 35 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2022ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಒಸಡಿನ ಅಡಿಯ ಗಟ್ಟಿ ಕೊಳೆ ತೆಗೆಸಿದವರಲ್ಲಿ 3-4 ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.43 ಅಂಶದಷ್ಟು ಇಳಿದಿತ್ತು. ಹಾಗೆಂದು ಮಾತ್ರೆ ಬಿಡುವಂತಿಲ್ಲ. ಇದು ಮಾತ್ರೆಯ ಜೊತೆಗೆ ಸಿಗುವ ಆಸರೆ.

ದಿನಕ್ಕೆರಡು ಸಲ ಮೆತ್ತನೆಯ ಬ್ರಷ್‌ನಿಂದ ಹಲ್ಲುಜ್ಜಿ. ಹಲ್ಲಿನ ಡಾಕ್ಟರಿಗೆ ನಿಮ್ಮ ಸಕ್ಕರೆ ಕಾಯಿಲೆ, ಔಷಧಿಗಳ ವಿಷಯ ಮೊದಲೇ ತಿಳಿಸಿ. ಎಷ್ಟು ತಿಂಗಳಿಗೊಮ್ಮೆ ಬರಬೇಕೆಂದು ಕೇಳಿಕೊಳ್ಳಿ. ಪಥ್ಯ, ಮಾತ್ರೆ ಎಲ್ಲ ಸರಿಯಿದ್ದೂ ಸಕ್ಕರೆ ಇಳಿಯದಿದ್ದರೆ ಒಮ್ಮೆ ಒಸಡು ತೋರಿಸಿ. ಬ್ರಷ್‌ನಲ್ಲಿ ರಕ್ತ ಕಂಡ ಮೇಲೆ ಹಲ್ಲುನೋವು ಬರಲಿ ಎಂದು ಕಾಯಬೇಡಿ.