ಬಸಿಯ ಮೇಲಿನ ನೀಲಿ ಚಿತ್ರ ಯಾರದು?

ಹಳೆಯ ಮನೆಗಳ ಗಾಜಿನ ಕಪಾಟಿನಲ್ಲಿ ಅಜ್ಜಂದಿರ ಕಾಲದ ಇಂಗ್ಲಿಷ್ ಪಿಂಗಾಣಿಯ ಕಪ್ಪು-ಬಸಿಗಳು ಅಲ್ಲೊಂದು ಇಲ್ಲೊಂದು ಉಳಿದಿರುವುದುಂಟು. ಬಿಳಿಯ ಮೇಲೆ ನೀಲಿ ಚಿತ್ರ. ಬಾಗಿದ ಮರ, ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಎರಡು ಹಕ್ಕಿ. ಇದಕ್ಕೆ ‘ವಿಲ್ಲೋ’ ಮಾದರಿ ಎಂದು ಹೆಸರು. ನೋಡಿದವರು ಚೀನಾದ್ದೆನ್ನುತ್ತಾರೆ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ.

ಚಹದೊಡನೆ ಚೀನಾದ ನೀಲಿ-ಬಿಳಿ ಪಾತ್ರೆಗಳೂ ಇಂಗ್ಲೆಂಡಿಗೆ ಹೋದವು. ಅಲ್ಲಿನ ಕುಂಬಾರರು ಅವುಗಳನ್ನು ನೋಡಿ, 1790ರ ಸುಮಾರಿಗೆ ಹಲವು ಚೀನೀ ಚಿತ್ರಗಳ ಅಂಶಗಳನ್ನು ಒಂದುಗೂಡಿಸಿ ಈ ಮಾದರಿಯನ್ನು ರೂಪಿಸಿದರು. ಸ್ಪೋಡ್ ಕಾರ್ಖಾನೆಯ ಹೆಸರು ಇದರಲ್ಲಿ ಮುಖ್ಯ. ಓಡಿಹೋದ ಪ್ರೇಮಿಗಳು ಸತ್ತು ಹಕ್ಕಿಗಳಾದರೆಂಬ ಕಥೆ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1849ರಲ್ಲಿ. ಚಿತ್ರ ಮೊದಲು, ಕಥೆ ಆಮೇಲೆ!

ಚಿತ್ರ ಮೂಡಿಸುವ ಕ್ರಮವೂ ಸೋಜಿಗದ್ದು. ತಾಮ್ರದ ತಗಡಿನಲ್ಲಿ ಚಿತ್ರವನ್ನು ಕೊರೆದು, ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ಬಣ್ಣ ತುಂಬಿ, ತೆಳುಗಾಗದದ ಮೇಲೆ ಅಚ್ಚು ತೆಗೆಯುತ್ತಾರೆ. ಆ ಕಾಗದವನ್ನು ಒಮ್ಮೆ ಸುಟ್ಟ ಪಾತ್ರೆಗೆ ಒತ್ತಿ, ನೀರಲ್ಲಿ ತೊಳೆದರೆ ಬಣ್ಣ ಮಾತ್ರ ಉಳಿಯುತ್ತದೆ. ಮೇಲೆ ಹೊಳಪು ಕೊಟ್ಟು ಮತ್ತೆ ಸುಡುತ್ತಾರೆ. ಒಂದು ತಗಡಿನಿಂದ ಅನೇಕ ಬಸಿಗಳು! ಅಂಚಿನ ಬಳ್ಳಿಯನ್ನು ಸೂಕ್ಷ್ಮವಾಗಿ ನೋಡಿದರೆ ಕಾಗದದ ತುದಿಗಳು ಕೂಡಿದ ಕಡೆ ಗೆರೆ ತಪ್ಪಿರುವುದು ಕಾಣಸಿಗುತ್ತದೆ.

ಇದಕ್ಕೆ ಹೋಲಿಸಿ ನೋಡಬೇಕಾದ ಕೆಲಸ ನಮ್ಮವರ ಬಳಿಯಲ್ಲೇ ಇದೆ. ಮರಾಠವಾಡದ ಗಡಿಯ ಜಳಕೋಟ, ಉದಗೀರ, ನಿಲಂಗಾ ಕಡೆಯ ಕನ್ನಡಿಗರಿಗೆ ಬೀದರ ಪರಸ್ಥಳವಲ್ಲ. ಉದಗೀರ, ನಿಲಂಗಾ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಅಲ್ಲಿನ ಬಿದ್ರಿ ಕುಶಲಿಗರು ಸತು-ತಾಮ್ರದ ಎರಕದ ಮೇಲೆ ಉಕ್ಕಿನ ಮೊನೆಯಿಂದ ಹೂಬಳ್ಳಿಯನ್ನು ಕೈಯಾರೆ ಬರೆದು, ಉಳಿಯಿಂದ ಕೊರೆದು, ಬೆಳ್ಳಿ ಕೂಡಿಸುತ್ತಾರೆ. ಬೀದರ ಕೋಟೆಯ ಮಣ್ಣು, ನವಸಾಗರಗಳ ಲೇಪದಿಂದ ಲೋಹ ಕಪ್ಪಾಗುತ್ತದೆ. ಬೆಳ್ಳಿ ಬಿಳಿಯಾಗಿಯೇ ನಿಲ್ಲುತ್ತದೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ಪಾತ್ರೆಗಳೂ ಇದ್ದವು.

ಬೇರೆಯವರ ಚಿತ್ರ ನೋಡಿ ಕಲಿಯುವುದು ತಪ್ಪಲ್ಲ; ಕಲೆ ಬೆಳೆದದ್ದೇ ಹಾಗೆ. ಆದರೆ ಬಸಿಯ ತಳದಲ್ಲಿ ಕಾರ್ಖಾನೆಯ ಮುದ್ರೆಯಿರುತ್ತದೆಯೇ ಹೊರತು, ಮೊದಲು ಆ ಮರ ಬರೆದ ಚೀನೀ ಕೈಯ ಗುರುತಿರುವುದಿಲ್ಲ. ಬಿದ್ರಿಯ ಕೈಗಳಿಗೆ ಆ ಗತಿ ಬಾರದಿರಲಿ. ಮನೆಯ ಮಕ್ಕಳಿಗೆ ಕಪ್ಪನ್ನು ಮುಟ್ಟಬೇಡ ಎಂದಷ್ಟೇ ಹೇಳದೆ, ಒಂದು ದಿನ ಕೈಗೆ ಕೊಟ್ಟು, ಅದರ ಚಿತ್ರ ಎಲ್ಲಿಂದ ಬಂತೆಂದು ಹೇಳೋಣ. ಬೀದರಕ್ಕೆ ಹೋದಾಗ ಬಿದ್ರಿ ಡಬ್ಬಿ ಕೊಳ್ಳುವ ಮೊದಲು ಅದನ್ನು ಮಾಡಿದವರ ಹೆಸರನ್ನೂ ಕೇಳೋಣ.