ಹೋಗಲು ಮೂರೂವರೆ ಗಂಟೆ, ಬರಲು ಒಂದೂವರೆ ಗಂಟೆ!

ಬ್ಯಾಂಕಾಕ್‌ನಿಂದ ಬೆಳಿಗ್ಗೆ 10ಕ್ಕೆ ಹೊರಡುವ ವಿಮಾನ ಸಿಂಗಪುರ ತಲುಪುವುದು ಮಧ್ಯಾಹ್ನ 1.30ಕ್ಕೆ. ಅದೇ ವಿಮಾನ ಸಿಂಗಪುರದಿಂದ 3ಕ್ಕೆ ಹೊರಟರೆ ಬ್ಯಾಂಕಾಕ್‌ನಲ್ಲಿ ಇಳಿಯುವುದು 4.30ಕ್ಕೆ. ಹೋಗಲು ಮೂರೂವರೆ ಗಂಟೆ, ಬರಲು ಒಂದೂವರೆ ಗಂಟೆ! ದಾರಿ ಒಂದೇ ಆಗಿರುವಾಗ ಇದೆಂಥ ಲೆಕ್ಕ?

ಈ ಒಗಟು ಬಿಡಿಸಿದ್ದು ಏಳನೇ ತರಗತಿಯ ನನ್ನ ಮೊಮ್ಮಗಳು. ಬ್ಯಾಂಕಾಕ್‌ನಲ್ಲಿರುವ ಮಗನ ಮನೆಯಿಂದ ನಾವಿಬ್ಬರೂ ಬೆಂಗಳೂರಿಗೆ ಹೊರಟಿದ್ದೆವು. ಸಿಂಗಪುರದಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮುಖ ನೋಡಿ ಆರು ವರ್ಷವಾಗಿತ್ತು. ವೀಸಾ ಮಾಡಿಸಿಟ್ಟುಕೊಂಡಿದ್ದೆವು. ಆದರೆ ರಾತ್ರಿ 8ಕ್ಕೆ ಬೆಂಗಳೂರಿನ ವಿಮಾನ. ಅಷ್ಟರೊಳಗೆ ಅಕ್ಕನ ಮನೆಗೆ ಹೋಗಿ ಬರಲು ಆಗುತ್ತದೆಯೇ?

"ತಾತ, ಗಡಿಯಾರ ಆಮೇಲೆ. ಮೊದಲು ದೂರ ನೋಡೋಣ" ಎಂದಳು ಹುಡುಗಿ.

ಎರಡೂ ನಗರಗಳ ನಡುವಿನ ವಾಯುಮಾರ್ಗ ಸುಮಾರು 1,400 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನದ ವೇಗ ಗಂಟೆಗೆ ಸುಮಾರು 850 ಕಿ.ಮೀ. ಭಾಗಿಸಿದರೆ ಒಂದೂಮುಕ್ಕಾಲು ಗಂಟೆಯೂ ಬೇಡ. ಆದರೆ ರನ್‌ವೇವರೆಗೆ ನಿಧಾನವಾಗಿ ಸಾಗಬೇಕು, ಮೇಲೇರಬೇಕು, ವೇಗ ತಗ್ಗಿಸಿ ಇಳಿಯಬೇಕು. ಎಲ್ಲ ಸೇರಿ ಸುಮಾರು ಎರಡೂವರೆ ಗಂಟೆ. ಹೋಗಲೂ ಅಷ್ಟೇ, ಬರಲೂ ಅಷ್ಟೇ.

ಉಳಿದ ಒಂದು ಗಂಟೆ ಗಡಿಯಾರದ್ದು. ಸಿಂಗಪುರದ ಗಡಿಯಾರ ಬ್ಯಾಂಕಾಕ್‌ಗಿಂತ ಒಂದು ಗಂಟೆ ಮುಂದಿದೆ. ಸ್ವಾರಸ್ಯ ಇರುವುದು ಇಲ್ಲೇ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಸಿಂಗಪುರ ಇರುವುದು ಬ್ಯಾಂಕಾಕ್‌ನ ಪೂರ್ವಕ್ಕೆ ಬರೀ ಮೂರು ಡಿಗ್ರಿ ಚಿಲ್ಲರೆ. ಸೂರ್ಯನ ಲೆಕ್ಕದಲ್ಲಿ ಕಾಲು ಗಂಟೆಯೂ ವ್ಯತ್ಯಾಸವಿಲ್ಲ! 1982ರಲ್ಲಿ ಮಲೇಷ್ಯಾ ದೇಶವು ಸಮುದ್ರದಾಚೆಯ ತನ್ನ ರಾಜ್ಯಗಳಾದ ಸಬಾ, ಸರವಾಕ್‌ಗಳಿಗೆ ಸರಿಹೊಂದುವಂತೆ ಪರ್ಯಾಯ ದ್ವೀಪದ ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟಿತು. ವ್ಯಾಪಾರ, ಓಡಾಟಗಳಲ್ಲಿ ಅದರ ಜೊತೆ ಬೆಸೆದುಕೊಂಡಿದ್ದ ಸಿಂಗಪುರವೂ ಹಾಗೆಯೇ ಮಾಡಿತು. ಹೀಗಾಗಿ ಅಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳರ ಆಸುಪಾಸಿನಲ್ಲಿ. ಎಷ್ಟೋ ಮಕ್ಕಳು ಶಾಲೆಗೆ ಹೊರಡುವಾಗ ಇನ್ನೂ ಕತ್ತಲು.

ಈಗ ನಮ್ಮ ಲೆಕ್ಕ. 1.30ಕ್ಕೆ ಇಳಿದು, ತಪಾಸಣೆ ಮುಗಿಸಿ ಹೊರಬರಲು 2.30. ಮುಂದಿನ ವಿಮಾನಕ್ಕೆ 5ಕ್ಕೆಲ್ಲ ಕೌಂಟರ್‌ನಲ್ಲಿರಬೇಕು. ಅಕ್ಕನ ಮನೆಗೆ ಹೋಗಿಬರಲು ಒಂದೂವರೆ ಗಂಟೆ. ಮಾತಿಗೆ ಉಳಿಯುವುದು ಒಂದೇ ಗಂಟೆ.

"ಅಜ್ಜೀನೇ ಏರ್‌ಪೋರ್ಟಿಗೆ ಬರಲಿ ತಾತ!"

ಚಾಂಗಿ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ 'ಜ್ಯೂಯೆಲ್' ಎಂಬ ಗಾಜಿನ ಕಟ್ಟಡವಿದೆ. 2019ರಲ್ಲಿ ತೆರೆದದ್ದು. ಒಳಗೆ 40 ಮೀಟರ್ ಎತ್ತರದಿಂದ ಧುಮುಕುವ ಜಲಪಾತ, ಸುತ್ತ ಗಿಡಮರ. ಒಳಗೆ ಹೋಗಲು ವಿಮಾನದ ಟಿಕೆಟ್ ಬೇಕಿಲ್ಲ. ಅಕ್ಕ ಕೋಡುಬಳೆ ಡಬ್ಬಿ ಹಿಡಿದು ಅಲ್ಲಿಗೇ ಬಂದಳು. ಒಂದು ಗಂಟೆಯ ಜಾಗದಲ್ಲಿ ನಮಗೆ ಎರಡೂವರೆ ಗಂಟೆ ಸಿಕ್ಕಿತು. ಅದರಲ್ಲಿ ಅರ್ಧ ಅವಳು ನನ್ನ ಕೈ ಬಿಡಲೇ ಇಲ್ಲ.

ಟಿಕೆಟ್‌ನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ. ಹಿರಿಯರೇ, ವಿಮಾನ ಬದಲಿಸುವಾಗ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವಾಗ ಇದು ನೆನಪಿರಲಿ.

ಮಕ್ಕಳೇ, ನಿಮಗೊಂದು ಲೆಕ್ಕ: ರಾತ್ರಿ 8ಕ್ಕೆ ಸಿಂಗಪುರ ಬಿಟ್ಟೆವು. ಪ್ರಯಾಣ ನಾಲ್ಕೂವರೆ ಗಂಟೆ. ಭಾರತದ ಗಡಿಯಾರ ಅಲ್ಲಿಗಿಂತ ಎರಡೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಇಳಿದಾಗ ಎಷ್ಟು ಹೊತ್ತಾಗಿತ್ತು? ಅಜ್ಜ-ಅಜ್ಜಿಯ ಜೊತೆ ಕೂತು ಬಿಡಿಸಿ.